ಹಟ್ ಅಂದರೆ ಸರಿಯಬಾರದು

ಎದುರು ತಂಡದ ಬಸ್ಸು ಮಿಯಾಪುರದಿಂದ ಹೊರಟು ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ನಿಂತರೆ ಪಂದ್ಯ ರದ್ದಾಗುತ್ತದೋ, ಗೆಲುವು ನಮ್ಮ ಹೆಸರಿಗೆ ಬರುತ್ತದೋ ಎನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅದಕ್ಕೆ ಎರಡು ಸಲ ಹೆದರಿದ್ದೆ. ಮಳೆ ಬರಬಹುದಿತ್ತು. ಮಳೆ ಬಾರದೆ ಬಿಸಿಲು ಜೋರಾಗಿ, ಆ ದಪ್ಪ ಹೆಲ್ಮೆಟ್ಟುಗಳೊಳಗೆ ಹುಡುಗರ ತಲೆ ಇಡ್ಲಿಯ ಹಾಗೆ ಬೇಯಬಹುದಿತ್ತು. ಮೈದಾನಕ್ಕೆ ಎಳೆದ ಸುಣ್ಣದ ಗೆರೆಗಳನ್ನು ಎಮ್ಮೆಗಳು ತುಳಿದು ಅಳಿಸಬಹುದಿತ್ತು, ಹಿಂದೊಮ್ಮೆ ಅಳಿಸಿದ್ದವು. ಯಾವುದಾದರೂ ಪಕ್ಷದವರು ಬಂದ್ ಕರೆಯಬಹುದಿತ್ತು. ನಮ್ಮ ಕ್ಯಾಪ್ಟನ್ ಹಿಂದಿನ ದಿನ ಬಿರಿಯಾನಿ ತಿಂದು, ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂರಬಹುದಿತ್ತು. ಯಾರದಾದರೂ ಹೆಗಲ ಮೂಳೆ ಮುರಿಯಬಹುದಿತ್ತು, ಮುರಿದ ಹೊತ್ತಿಗೆ ಸರಿಯಾಗಿ ಕಾಲೇಜಿನ ವ್ಯಾನಿನ ಡ್ರೈವರ್ ಚಹಾಕ್ಕೆ ಹೋಗಿರಬಹುದಿತ್ತು, ಕೀಲಿ ಅವನ ಜೇಬಿನಲ್ಲೇ ಇರಬಹುದಿತ್ತು. ಕೋಚ್ ಸಾಹೇಬರಿಗೆ ಆಟದ ನಡುವೆ ಅಮೆರಿಕದಿಂದ ಫೋನು ಬರಬಹುದಿತ್ತು. ಛೇರ್ಮನ್ನರು ಬಾರದೆ ಇರಬಹುದಿತ್ತು. ಅದಕ್ಕಿಂತ ಕೆಟ್ಟದ್ದು, ಬರಬಹುದಿತ್ತು.

ಇಷ್ಟೂ ನನ್ನ ತಲೆಯಲ್ಲಿ ಹಾದುಹೋದದ್ದು ಆ ಸೀಸನ್ನಿನ ಕೊನೆಯ ಪಂದ್ಯದ ದಿನ, ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಯ ಅಡಿಗೆಮನೆಯಲ್ಲಿ, ಒಲೆಯ ಮೇಲಿಟ್ಟ ಹಾಲು ಕಾಯುವುದರೊಳಗೆ. ಹಾಲು ಉಕ್ಕಿತು. ಅದೊಂದಕ್ಕೆ ಹೆದರಿರಲಿಲ್ಲ.

ನಮ್ಮ ಮನೆಯವರು ಒಲೆ ಆರಿಸುತ್ತ ಹೇಳಿದರು: "ನೀ ಯಾವುದಕ್ಕ ಹೆದರತೀಯೋ ಅದು ಇವತ್ತಿನ ತನಕಾ ಒಂದರೆ ಆಗೇತೇನು? ಇಲ್ಲ. ಅದಕ್ಕ ಹೇಳಾಕತ್ತೀನಿ, ಕೂತು ಎಲ್ಲಾದಕ್ಕೂ ಒಮ್ಮಿಗೇ ಹೆದರಿಬಿಡು. ಏನೂ ಆಗಂಗಿಲ್ಲ."

ಅವರು ಹೇಳಿದ್ದು ಹಾಸ್ಯಕ್ಕೆ. ನಾನು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು, ಅದರಲ್ಲೂ ಸಂಭವನೀಯತೆ ನನ್ನ ವಿಷಯ. ಹೆದರಿದರೆ ಟೈರು ಪಂಕ್ಚರ್ ಆಗುವುದು ತಪ್ಪುವುದಿಲ್ಲ ಅಂತ ವರ್ಷಾವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಸಾಧಿಸಿ ತೋರಿಸಿದ್ದೇನೆ. ಆದರೂ ಒಳಗೊಳಗೆ ನಾನು ಜೀವನ ಮಾಡಿದ್ದೆಲ್ಲ ನಮ್ಮ ಮನೆಯವರ ಸಿದ್ಧಾಂತದ ಮೇಲೆಯೇ. ಮುಂಚಿತವಾಗಿ ಹೆದರಿಟ್ಟುಕೊಂಡದ್ದು ಆಗುವುದಿಲ್ಲ. ಆಗುವುದು ಮರೆತು ಬಿಟ್ಟದ್ದು.

ಅಮೆರಿಕನ್ ಫುಟ್‌ಬಾಲಿಗೂ ನನಗೂ ಏನು ಸಂಬಂಧ ಅಂತ ಕೇಳಬೇಡಿ. ಆ ಸೀಸನ್ ಪೂರ್ತಿ ನಾನೂ ಅದನ್ನೇ ಕೇಳಿಕೊಂಡಿದ್ದೇನೆ.

ಅದು ಹೈದರಾಬಾದಿನಲ್ಲಿ ಕಂಪನಿಗಳವರು ಕಾಲೇಜುಗಳಿಗೇ ಬಂದು ಹುಡುಗರನ್ನು ಬಸ್ಸುಗಟ್ಟಲೆ ಆರಿಸಿಕೊಂಡು ಹೋಗುತ್ತಿದ್ದ ಕಾಲ. ಕೆಲಸ ಸಿಕ್ಕವರ ಫೋಟೋಗಳನ್ನು ದೊಡ್ಡ ಫ್ಲೆಕ್ಸು ಮಾಡಿ ಪ್ರತಿ ಇಂಜಿನಿಯರಿಂಗ್ ಕಾಲೇಜೂ ತನ್ನ ಗೇಟಿಗೆ ಕಟ್ಟಿಕೊಳ್ಳುತ್ತಿತ್ತು. ನಮ್ಮ ಕಾಲೇಜು ಕುಷಾಯಿಗೂಡ ದಾಟಿ ಇನ್ನೂ ಆಚೆ. ಕಂಪನಿಗಳಿರುವುದೆಲ್ಲ ಊರಿನ ಮತ್ತೊಂದು ತುದಿಗೆ. ಅಲ್ಲಿಂದ ಹೊರಟವರು ದಾರಿಯಲ್ಲಿ ಸಿಕ್ಕ ಕಾಲೇಜುಗಳಲ್ಲೇ ಹೊಟ್ಟೆ ತುಂಬಿಸಿಕೊಂಡು, ನಮ್ಮ ಗೇಟಿಗೆ ಬರುವ ಮೊದಲೇ ವಾಪಸು ತಿರುಗುತ್ತಿದ್ದರು. ನಮ್ಮ ಫ್ಲೆಕ್ಸಿನಲ್ಲಿ ಫೋಟೋಗಳು ಬಹಳ ದೊಡ್ಡವಿದ್ದವು, ಏಕೆಂದರೆ ಕಡಿಮೆ ಇದ್ದವು.

ಇಂಥದರಲ್ಲಿ ಛೇರ್ಮನ್ನರು ಅಮೆರಿಕ ಪ್ರವಾಸ ಮಾಡಿ ಬಂದರು. ಅಲ್ಲಿ ಯಾರೋ ಅವರನ್ನು ಒಂದು ಕಾಲೇಜು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದರಂತೆ. ಬಂದವರೇ ಮೀಟಿಂಗ್ ಕರೆದು, ಇನ್ನು ಮೇಲೆ ನಮ್ಮಲ್ಲೂ ಅಮೆರಿಕನ್ ಫುಟ್‌ಬಾಲ್ ಇರುತ್ತದೆ, ಅಮೆರಿಕದ ಕಂಪನಿಯವರು ಹುಡುಗರ ಅರ್ಜಿಯಲ್ಲಿ ಅದನ್ನು ನೋಡಿದ ಕೂಡಲೇ ಎದ್ದು ನಿಂತು ಕೈ ಕುಲುಕುತ್ತಾರೆ ಎಂದು ಘೋಷಿಸಿ, ತಂಡದ ಹೊಣೆ ಯಾರು ಹೊರುತ್ತೀರಿ ಎಂದು ಕೇಳಿದರು. ಆಟದ ಮೇಷ್ಟ್ರು, ತನಗೆ ಕಬಡ್ಡಿ, ಖೋ ಖೋ, ವಾಲಿಬಾಲು ಬಿಟ್ಟರೆ ಬೇರೆ ಬಾರದು ಎಂದು ಕೈ ಮುಗಿದರು. ಉಳಿದವರೆಲ್ಲ ಒಬ್ಬೊಬ್ಬರಾಗಿ ತಲೆ ಅಲ್ಲಾಡಿಸಿದರು. ನಾನು ಆಗ ಮನೆಯಲ್ಲಿ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂಬ ಯೋಚನೆಯಲ್ಲಿದ್ದೆ. ಮೀಟಿಂಗಿನಲ್ಲಿ ತಲೆ ಅಲ್ಲಾಡಿಸದೆ ಕೂತವಳು ನಾನೊಬ್ಬಳೇ.

"ಮ್ಯಾಥ್ಸ್ ಮೇಡಂ ಒಪ್ಪಿದ್ದಾರೆ," ಎಂದರು ಛೇರ್ಮನ್ನರು.

ಗ್ಯಾಸ್ ಆಫ್ ಆಗಿತ್ತು.

ಆಟ ಕಲಿಸಲು ಬಂದವರು ನಮ್ಮ ಕಾಲೇಜಿನಲ್ಲೇ ಓದಿದ್ದ ಹಳೆಯ ವಿದ್ಯಾರ್ಥಿ. ಕೆಲವು ವರ್ಷ ಅಮೆರಿಕದಲ್ಲಿದ್ದು ಬಂದು, ಇಲ್ಲಿ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಕಿವಿಗೆ ಸದಾ ಒಂದು ಫೋನಿನ ತಂತಿ. ಅಭ್ಯಾಸ ನಡೆಸುತ್ತ ನಡೆಸುತ್ತಲೇ "ಯಾ, ಯಾ, ಐ ಆಮ್ ಹಿಯರ್," ಎನ್ನುತ್ತ ಮೈದಾನದ ಅಂಚಿಗೆ ಹೋಗಿಬಿಡುತ್ತಿದ್ದರು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದ ಹಾಗೇ ಬಿದ್ದುಕೊಂಡು ಅವರು ಬರುವುದನ್ನು ಕಾಯುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಅರ್ಧ ಮನುಷ್ಯ ಇಲ್ಲಿ, ಅರ್ಧ ಅಲ್ಲಿ.

ಆಟವನ್ನು ಹುಡುಗರೇ ನನಗೆ ವಿವರಿಸಿದರು. ಒಂದು ತಂಡ ಚೆಂಡನ್ನು ಮುಂದಕ್ಕೆ ಒಯ್ಯಬೇಕು, ಇನ್ನೊಂದು ತಂಡ ಒಯ್ಯುವವನನ್ನು ಕೆಡವಬೇಕು. ಕೆಡವಿದ ಮೇಲೆ ಎಲ್ಲರೂ ಎದ್ದು, ಗುಂಪುಗೂಡಿ ಗುಸುಗುಸು ಸಭೆ ಮಾಡಿ, ಮತ್ತೆ ಎದುರುಬದುರು ಸಾಲಾಗಿ ನಿಲ್ಲಬೇಕು. ಆಡುವುದಕ್ಕಿಂತ ಸಭೆಯೇ ಹೆಚ್ಚು. ನಮ್ಮ ಕಾಲೇಜಿನ ಹಾಗೆ. ಸಾಲಿನ ನಟ್ಟನಡುವೆ ಒಬ್ಬ ಇರುತ್ತಾನೆ, ಅವನಿಗೆ ಸೆಂಟರ್ ಎನ್ನುತ್ತಾರೆ. ಅವನು ಬಗ್ಗಿ, ನೆಲದ ಮೇಲಿನ ಚೆಂಡನ್ನು ಹಿಡಿದು, ಕ್ಯಾಪ್ಟನ್ ಕೂಗಿದ ಕೂಡಲೇ ಕಾಲ ಸಂದಿನಿಂದ ಹಿಂದಕ್ಕೆ ಅವನ ಕೈಗೆ ಬಿಡಬೇಕು. ಬಿಟ್ಟ ಮೇಲೆ ಎದುರಿನವರು ಎಷ್ಟೇ ನೂಕಿದರೂ ಇದ್ದ ಜಾಗದಿಂದ ಅಲುಗಬಾರದು. ತಲೆ ಕೆಳಗೆ ಇರುವುದರಿಂದ ಅವನಿಗೆ ಹಿಂದಿನದೇನೂ ಕಾಣುವುದಿಲ್ಲ. ಕೇಳಿಸುವುದಷ್ಟೇ.

ಆ ಜಾಗಕ್ಕೆ ಆರಿಸಿದ್ದು ಮೆಕ್ಯಾನಿಕಲ್ ಎರಡನೇ ವರ್ಷದ ಒಬ್ಬ ದಪ್ಪ ಹುಡುಗನನ್ನು. ನನ್ನ ಕ್ಲಾಸಿನವನೇ. ಮೊದಲ ಸಾಲುಗಳ ಬೆಂಚಿನಲ್ಲಿ ಹಿಡಿಯುವುದಿಲ್ಲವೆಂದು ಕೊನೆಯ ಬೆಂಚನ್ನು ಗೋಡೆಗೆ ಸರಿಸಿಕೊಂಡು ಒಬ್ಬನೇ ಕೂರುತ್ತಿದ್ದ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲಬೇಕಲ್ಲ ಎಂದು ಗೊತ್ತಿಲ್ಲ ಅನ್ನುತ್ತಿದ್ದ. ಮೊದಲ ದಿನದ ಅಭ್ಯಾಸದಲ್ಲಿ ಬಿದ್ದಾಗ "ಅಯ್ಯ ನನ್ನವ್ವಾ!" ಎಂದು ಕೂಗಿದ್ದು ಕೇಳಿ, ಇವನು ನಮ್ಮ ಕಡೆಯವನು ಎಂದು ನನಗೆ ತಿಳಿಯಿತು. ಮೆಹದಿಪಟ್ಟಣಂನಲ್ಲಿ ಮನೆ. ಬೀದರ್ ಕಡೆಯಿಂದ ಅಜ್ಜನ ಕಾಲಕ್ಕೇ ಬಂದವರು. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ಹಿಂದಿ, ಕಾಲೇಜಿನಲ್ಲಿ ತೆಲುಗು.

ಮೊದಲ ದಿನವೇ ಎಡವಟ್ಟು ಶುರುವಾಯಿತು. ಅಮೆರಿಕದಲ್ಲಿ ಚೆಂಡು ಬಿಡಲು ಕ್ಯಾಪ್ಟನ್ ಕೂಗುವ ಶಬ್ದ 'ಹಟ್'. ಕೋಚ್ ಸ್ವತಃ ಕ್ಯಾಪ್ಟನ್ ಜಾಗದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು "ಹಟ್!" ಎಂದು ಕೂಗಿದರು. ಹಿಂದಿಯಲ್ಲಿ ಹಟ್ ಅಂದರೆ ಆಚೆ ಸರಿ ಎಂದು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗರು ಏನು ಮಾಡಬೇಕು? ಸಾಲಿಗೆ ಸಾಲೇ ಮರ್ಯಾದೆಯಿಂದ ಎರಡೂ ಕಡೆ ಸರಿದು ದಾರಿ ಬಿಟ್ಟಿತು. ಎದುರಿನ ಸಾಲಿನವರು ಆ ದಾರಿಯಲ್ಲಿ ನುಗ್ಗಿ ಬಂದು ಕೋಚ್ ಅವರನ್ನು ಫೋನು ಸಮೇತ ಕೆಡವಿದರು.

"ನೀವೇ ಹಟ್ ಅಂದ್ರಲ್ಲ ಸಾರ್?" ಎಂದ ಒಬ್ಬ, ಪಾಪ, ನಿಜವಾಗಿಯೂ ಅರ್ಥವಾಗದೆ.

ಅಭ್ಯಾಸದಲ್ಲಿ ನಗಬಹುದು. ಮೊದಲ ಪಂದ್ಯದಲ್ಲೂ ಅದೇ ಆಯಿತು. ಮಿಯಾಪುರದ ಆಚೆ ಒಂದು ಕಾಲೇಜಿನ ಮೈದಾನ. ಆಗಿನ್ನೂ ಆ ಕಡೆ ಮೆಟ್ರೋ ಇಲ್ಲ, ಇಡೀ ಊರನ್ನು ಬಸ್ಸಿನಲ್ಲಿ ಅಡ್ಡ ಸೀಳಿಕೊಂಡು ಹೋಗಿದ್ದೆವು. ಗಾಬರಿಯಲ್ಲಿ ಹುಡುಗರಿಗೆ ಕಲಿತದ್ದು ಮರೆತು, ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ ನೆನಪಾಯಿತು. ಕ್ಯಾಪ್ಟನ್ ಹಟ್ ಎಂದಾಗಲೆಲ್ಲ ಒಬ್ಬಿಬ್ಬರು ಸರಿದರು. ನಮ್ಮ ಕ್ಯಾಪ್ಟನ್, ತೆಳ್ಳಗಿನ ತೆಲುಗು ಹುಡುಗ, ನೆಲಕ್ಕೆ ಬಿದ್ದು, ಬಾಯಲ್ಲಿ ಹುಲ್ಲು ಉಗುಳುತ್ತ, ಊರಿನ ಹಿಂದಿಯಲ್ಲಿ ಕಿರುಚಿದ: "ಅರೇ, ಹಟ್ ಬೋಲೇ ತೋ ಹಟನಾ ನಕ್ಕೋ ರೇ!"

ಹಟ್ ಅಂದರೆ ಸರಿಯಬಾರದು ಕಣ್ರೋ. ಎದುರಾಳಿ ತಂಡದವರು ನಕ್ಕು ನಕ್ಕು ಹೆಲ್ಮೆಟ್ಟು ತೆಗೆದರು. ನಾವು ಎಷ್ಟು ಪಾಯಿಂಟಿನಿಂದ ಸೋತೆವೋ ಬರೆಯುವುದಿಲ್ಲ. ಗಣಿತದವಳಾಗಿಯೂ ಬರೆಯುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ದಪ್ಪ ಹುಡುಗ ನನ್ನ ಹಿಂದಿನ ಸೀಟಿನಲ್ಲಿದ್ದ. ಊರೆಲ್ಲ ಟ್ರಾಫಿಕ್ಕು. ಸಿಕಂದರಾಬಾದ್ ಹತ್ತಿರ ಬಂದಾಗ ಮೆಲ್ಲಗೆ ಮುಂದಕ್ಕೆ ಬಗ್ಗಿದ.

"ಮೇಡಂ, ಸಿಟ್ಟಾಗಬ್ಯಾಡ್ರಿ. ಆ ಶಬ್ದಾ ಕೇಳಿದ್ರ ನನ್ನ ಕಾಲು ತಾವಾಗೇ ಸರೀತಾವ್ರಿ. ಸಣ್ಣಾಂವ ಇದ್ದಾಗಿಂದ ಅದನ್ನ ಕೇಳೇನಿ. ಬಸ್ಸಿನ್ಯಾಗ ಹಟ್, ಕ್ಯೂದಾಗ ಹಟ್, ಸಾಲ್ಯಾಗ ಫೋಟೋ ತಗಿಯೂ ಮುಂದ ಹಟ್. 'ಮೋಟೂ, ಜರಾ ಹಟ್.' ನಾ ಎಲ್ಲಿ ನಿಂತ್ರೂ ಯಾರಿಗೋ ಅಡ್ಡನ ಇರತೀನ್ರಿ."

"ಹೋಗಲಿ ಬಿಡಪಾ," ಎಂದೆ.

"ಇದೊಂದ ಜಾಗಾ ನೋಡ್ರಿ," ಎಂದ ಅವನು, "ನೀ ಅಡ್ಡ ನಿಂದ್ರು, ಸರೀಬ್ಯಾಡಾ ಅಂತ ಹೇಳಿ ಕೈ ಮುಗಿತಾರ. ಇಲ್ಲೂ ಅದ ಶಬ್ದಾ ಅಂದ್ರ ಹ್ಯಾಂಗ್ರಿ?"

ಮರುದಿನ ನಾನು ಕೋಚ್ ಹತ್ತಿರ ಜಗಳ ತೆಗೆದೆ. ಅಮೆರಿಕದಲ್ಲಿ ಎಲ್ಲರೂ ಹಟ್ ಅಂತಲೇ ಅನ್ನುವುದು, ಬದಲಾಯಿಸುವ ಹಾಗಿಲ್ಲ ಎಂದರು. ಅಮೆರಿಕದಲ್ಲಿ ಬಸ್ ಕಂಡಕ್ಟರುಗಳು ಹಟ್ ಎನ್ನುವುದಿಲ್ಲವಲ್ಲ ಎಂದೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. ಅವರು ಅಂಚಿಗೆ ಹೋದದ್ದೇ ತಡ, ಹುಡುಗರೆಲ್ಲ ಸುತ್ತ ಕೂತು ಹೊಸ ಶಬ್ದ ಹುಡುಕಿದರು. ತೆಲುಗಿನ 'ವದುಲು' ಬೇಡ, ಎದುರಿನವರಿಗೂ ಗೊತ್ತಾಗುತ್ತದೆ. ಹಿಂದಿಯದು ಬೇಡ. ಇಂಗ್ಲಿಷು ಬೇಡವೇ ಬೇಡ. ಕೊನೆಗೆ ದಪ್ಪ ಹುಡುಗ ನೆಲ ನೋಡುತ್ತ ಆ ವದುಲುವನ್ನೇ ಕನ್ನಡದಲ್ಲಿ ಅಂದ: "ಬಿಡು."

"ಬಿಡ್ಡು?" ಎಂದ ಕ್ಯಾಪ್ಟನ್.

"ಬಿಡ್ಡು ಅಲ್ಲ. ಬಿಡು."

"ಅದೇ. ಬಿಡ್ಡು."

ತೆಲುಗಿನಲ್ಲಿ ಬಿಡ್ಡ ಅಂದರೆ ಮಗು. ಇವನು ಮಗೂ ಮಗೂ ಎಂದು ಕೂಗಿದರೆ ಎದುರಾಳಿಗಳು ತೊಟ್ಟಿಲು ಹುಡುಕುತ್ತಾರೆ ಎಂದು ಯಾರೋ ನಗಿಸಿದರು. ಇರಲಿ, ಶಬ್ದ ಗಟ್ಟಿಯಾಯಿತು. ಅಷ್ಟು ಜನ ತೆಲುಗು, ಉರ್ದು ಹುಡುಗರು ಒಂದೇ ಒಂದು ಕನ್ನಡ ಪದ ಕಲಿತರು. ನನಗೆ ಹೆಮ್ಮೆಯಾಯಿತು ಎಂದು ಬೇರೆ ಹೇಳಬೇಕೆ? ಕನ್ನಡದಲ್ಲಿ ಕೇಳಿಸಿಕೊಂಡಾಗ ದಪ್ಪ ಹುಡುಗನ ಕೈ ಎಷ್ಟು ಚುರುಕು ಎನ್ನುವುದನ್ನು ಕೋಚ್ ಕೂಡ ಒಪ್ಪಿದರು. ಯೋಚನೆ ಮಾಡುವುದೇ ಇಲ್ಲ. ಶಬ್ದ ಕಿವಿಗೆ ಬಿದ್ದರೆ ಚೆಂಡು ಕೈ ಬಿಟ್ಟಿರುತ್ತಿತ್ತು.

ಅಷ್ಟಾದ ಮೇಲೆ ನಾವು ಗೆಲ್ಲತೊಡಗಿದೆವು ಎಂದು ನೀವು ಅಂದುಕೊಂಡಿದ್ದರೆ ನಿಮಗೆ ನಮ್ಮ ಕಾಲೇಜು ಗೊತ್ತಿಲ್ಲ. ನಾವು ಸೋಲುತ್ತಲೇ ಹೋದೆವು. ಸೋಲು ಸಣ್ಣದಾಯಿತು, ಅಷ್ಟೇ. ಹೆಗಲಿಗೆ ಕಟ್ಟುವ ಕವಚಗಳು ಬಂದವು, ನೋಡಿದರೆ ಮಕ್ಕಳ ಅಳತೆಯವು. ಒಬ್ಬನ ತಲೆಯಿಂದ ಹೆಲ್ಮೆಟ್ಟು ಬಿಚ್ಚಿ ಬರದೆ, ಹಾಸ್ಟೆಲಿನಿಂದ ಕೊಬ್ಬರಿ ಎಣ್ಣೆ ತರಿಸಿ, ಇಬ್ಬರು ಅವನ ಕಾಲು ಹಿಡಿದು, ಇಬ್ಬರು ಹೆಲ್ಮೆಟ್ಟು ಹಿಡಿದು ಎಳೆಯಬೇಕಾಯಿತು. ಒಂದು ಪಂದ್ಯದಲ್ಲಿ ತೀರ್ಪುಗಾರರು ಬರಲೇ ಇಲ್ಲ. ಎದುರು ಕಾಲೇಜಿನ ಲೈಬ್ರೇರಿಯನ್ನರು ಸೀಟಿ ಊದಿದರು, ತಮಗೆ ಸದ್ದು ಆಗುವುದಿಲ್ಲವೆಂದು ಬಹಳ ಮೆಲ್ಲಗೆ ಊದಿದರು. ಇನ್ನೊಂದರಲ್ಲಿ ಗೆಲುವು ಕಣ್ಣೆದುರಿಗೆ ಇತ್ತು. ನಮ್ಮವನೊಬ್ಬ ಚೆಂಡು ಹಿಡಿದು ಓಡಿದ, ಓಡಿದ, ಯಾರೂ ಅಡ್ಡ ಬರಲಿಲ್ಲ. ಯಾಕೆ ಬರಲಿಲ್ಲವೆಂದರೆ ಅವನು ಓಡಿದ್ದು ನಮ್ಮದೇ ತುದಿಗೆ.

ಪ್ರತಿ ಸೋಮವಾರ ಪ್ರಿನ್ಸಿಪಾಲರ ರೂಮಿನಲ್ಲಿ ನಿಂತು ನಾನು ಇದನ್ನೆಲ್ಲ ಗಂಭೀರವಾಗಿ ವಿವರಿಸಬೇಕಿತ್ತು. ಪಾಠ ಮಾಡುವಾಗ ಬಾರದ ಕೆಮ್ಮು ಆಗ ಬರುತ್ತಿತ್ತು. ಮನೆಗೆ ಬಂದರೆ ನಮ್ಮ ಮನೆಯವರು, "ಇವತ್ತ ಯಾರ ಕಡಿಗೆ ಓಡಿದ್ರಿ?" ಎನ್ನುತ್ತಿದ್ದರು. ಸಿಟ್ಟು ಬಂದು ಊಟಕ್ಕೆ ಬರೀ ಸಾರು ಮಾಡಿದ್ದೂ ಉಂಟು.

ಕೊನೆಗೆ ಛೇರ್ಮನ್ನರ ಮಾತು ಬಂತು. ಯಾವ ಕಂಪನಿಯೂ ಎದ್ದು ನಿಂತು ಕೈ ಕುಲುಕಿರಲಿಲ್ಲ. ಉಳಿದದ್ದು ಒಂದು ಪಂದ್ಯ, ನಮ್ಮ ಮೈದಾನದಲ್ಲೇ. ಗೆದ್ದರೆ ಮುಂದಿನ ವರ್ಷವೂ ತಂಡ ಇರುತ್ತದೆ. ಸೋತರೆ ತಂಡ ಮುಚ್ಚಿ, ಮೈದಾನಕ್ಕೆ ಕಾಂಕ್ರೀಟು ಹಾಕಿ ಕಾಲೇಜು ಬಸ್ಸು ನಿಲ್ಲಿಸುವುದು. ಇವತ್ತು ಆ ಜಾಗದಲ್ಲಿ ಹಳದಿ ಬಸ್ಸುಗಳು ಸಾಲಾಗಿ ನಿಂತಿವೆ. ಆದ್ದರಿಂದ ಏನಾಯಿತೋ ಎಂದು ನಿಮ್ಮನ್ನು ಕಾಯಿಸುವ ಉದ್ದೇಶ ನನಗಿಲ್ಲ. ಹೇಗಾಯಿತು ಎನ್ನುವುದಷ್ಟೇ ನನ್ನನ್ನು ಇನ್ನೂ ಕಾಡುವುದು.

ಆ ಸುದ್ದಿ ಬಂದ ದಿನ ದಪ್ಪ ಹುಡುಗ ಕ್ಲಾಸು ಮುಗಿದ ಮೇಲೆ ನಿಂತೇ ಇದ್ದ.

"ಟೀಮ್ ಮುಚ್ಚಿದ್ರ ಏನ್ ಮಾಡ್ತಿ?" ಎಂದು ಕೇಳಿದೆ.

"ಏನ್ರಿ ಮಾಡೂದು. ಮತ್ತ ಸರಕೊಂತ ಅಡ್ಡಾಡೂದು," ಎಂದು ನಕ್ಕ. ಆಮೇಲೆ ನಗು ಬಿಟ್ಟು, "ನಮ್ಮ ಅವ್ವನ್ನ ಕರಕೊಂಡ ಬರತೀನ್ರಿ ಮೇಡಂ. ಒಮ್ಮಿಯರೆ ನೋಡ್ಲಿ. ಮುಚ್ಚಿದ ಮ್ಯಾಲ ಹೇಳಿದ್ರ ಆಕಿ ನಂಬಂಗಿಲ್ಲ," ಎಂದ.

ಅವನ ತಾಯಿ ನನಗೆ ಅಪರಿಚಿತರಲ್ಲ. ಮೇಷ್ಟ್ರಮ್ಮ ಕನ್ನಡದವರು ಎಂದು ತಿಳಿದ ದಿನದಿಂದ ಪಂದ್ಯ ಮುಗಿದ ಮರುದಿನ ತಪ್ಪದೆ ಫೋನು ಮಾಡುತ್ತಿದ್ದರು.

"ಮೇಡಂ, ಫುಟ್‌ಬಾಲ್ ಅಂದ್ರ ಕಾಲಿಲೆ ಒದಿಯೂದು ಹೌದಲ್ಲೋ?"

"ಹೌದ್ರಿ."

"ಮತ್ತ ಇವನ ಮಾರಿ ಯಾಕ ಬಾತೈತಿ?"

"ಅದು... ಬ್ಯಾರೆ ನಮೂನಿ ಫುಟ್‌ಬಾಲ್ ಐತ್ರಿ."

"ಮಾರಿಲೆ ಒದೀತಾರೇನ್ರಿ?"

ನಾನು ಚಿಂತೆಯಲ್ಲಿ ಪಳಗಿದವಳು. ಇವರ ಮುಂದೆ ನಾನು ಇನ್ನೂ ಒಂದನೇ ಕ್ಲಾಸು. ಮಗನಿಗೆ ಬಿದ್ದ ಪೆಟ್ಟನ್ನು ಅವರು ಫೋನಿನಲ್ಲೇ ಮುಟ್ಟಿ ನೋಡುವ ಹಾಗೆ ಕೇಳುತ್ತಿದ್ದರು. "ಏನೂ ಆಗೂದಿಲ್ರಿ, ನಾ ಇರತೀನಲ್ಲ," ಎಂದು ನಾನು ಧೈರ್ಯ ಹೇಳುವಾಗ, ಪಕ್ಕದಲ್ಲಿ ನಮ್ಮ ಮನೆಯವರು ಪೇಪರಿನ ಹಿಂದೆ ನಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಹೀಗೆ ಕೊನೆಯ ಪಂದ್ಯದ ಶನಿವಾರ ಬಂತು. ಮಳೆ ಬರಲಿಲ್ಲ. ಬಿಸಿಲೂ ಹದವಾಗಿತ್ತು. ಎಮ್ಮೆಗಳು ಆಚೆ ಬಯಲಲ್ಲೇ ಮೇಯುತ್ತಿದ್ದವು. ಮಿಯಾಪುರದ ಬಸ್ಸು ಹೇಳಿದ ಹೊತ್ತಿಗೆ ಮೊದಲೇ ಬಂತು. ಕ್ಯಾಪ್ಟನ್ನನ ಹೊಟ್ಟೆ ಸರಿ ಇತ್ತು. ಮೂರು ಸಲ ಕೇಳಿದೆ, ನಾಲ್ಕನೆಯ ಸಲ ಅವನೇ ನನ್ನನ್ನು ಕಂಡು ದೂರದಿಂದ ಹೊಟ್ಟೆ ತಟ್ಟಿ ತೋರಿಸಿದ. ವ್ಯಾನಿನ ಕೀಲಿಯನ್ನು ಡ್ರೈವರಿನಿಂದ ಇಸಿದುಕೊಂಡು ನನ್ನ ಪರ್ಸಿನಲ್ಲೇ ಇಟ್ಟುಕೊಂಡೆ. ಛೇರ್ಮನ್ನರು ಬಂದು ಸೋಫಾದಲ್ಲಿ ಕೂತರು, ಆದರೆ ಭಾಷಣ ಮಾಡಲಿಲ್ಲ. ಕೋಚ್ ಫೋನನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿದರು. ನನಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ದಪ್ಪ ಹುಡುಗನ ತಾಯಿ ಬಂದರು. ಮೆಹದಿಪಟ್ಟಣಂನಿಂದ ಸಿಕಂದರಾಬಾದು, ಅಲ್ಲಿಂದ ಇನ್ನೊಂದು ಬಸ್ಸು, ಬಸ್ಸಿಳಿದು ಆಟೋ. ಮಗನ ಹಾಗೆ ಅಲ್ಲ, ಕಡ್ಡಿಯಂಥ ಹೆಂಗಸು. ಕೈಯಲ್ಲಿ ನಾಲ್ಕು ಅಂತಸ್ತಿನ ಡಬ್ಬಿ. ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಮೈದಾನ ನೋಡಿದರು.

"ಎಲ್ಲಾರೂ ಬಕೀಟು ಬೋರಲ ಹಾಕ್ಕೊಂಡಾರಲ್ರಿ. ನಮ್ಮಾಂವ ಯಾರು?"

"ನಡುವ ಬಗ್ಗಿ ನಿಂತಾನ ನೋಡ್ರಿ, ಚೆಂಡು ಹಿಡಕೊಂಡು."

"ಹೌದ ನೋಡ್ರಿ. ಹಿಂದಿಂದ ಗುರ್ತು ಸಿಕ್ತು."

ಕ್ಯಾಪ್ಟನ್ ಕೂಗಿದ. ಚೆಂಡು ಹೋಯಿತು. ಎದುರಿನವರು ಇಬ್ಬರು ಬಂದು ಅವನ ಮೇಲೆ ಬಿದ್ದರು. ಅವನು ನಿಂತೇ ಇದ್ದ. ಮತ್ತೊಬ್ಬ ಬಂದ. ನಿಂತೇ ಇದ್ದ. ಬಸ್ಸಿನಲ್ಲಿ, ಕ್ಯೂನಲ್ಲಿ, ಫೋಟೋ ಸಾಲಿನಲ್ಲಿ ಯಾರಿಗೆ ಹೇಗೋ ಗೊತ್ತಿಲ್ಲ, ಅಲ್ಲಿ ಮಾತ್ರ ಆ ಹುಡುಗ ಹೂತ ಕಲ್ಲಿನ ಹಾಗಿದ್ದ. ಅವನ ಬೆನ್ನ ಹಿಂದೆ ಕ್ಯಾಪ್ಟನ್ ಆರಾಮವಾಗಿ ಅತ್ತಿತ್ತ ನೋಡಿ ಚೆಂಡು ಎಸೆದ.

"ಯವ್ವಾ," ಎಂದರು ತಾಯಿ, ನನ್ನ ಮೊಣಕೈ ಹಿಡಿದು. "ಅಂವ ಸರಿಯವಲ್ಲ ನೋಡ್ರಿ! ಅಷ್ಟು ಮಂದಿ ನೂಕಿದ್ರೂ ಸರಿಯವಲ್ಲ!"

"ಅದ ಅವನ ಕೆಲಸ್ರಿ."

"ನೂಕ್ರೋ, ಇನ್ನಷ್ಟು ನೂಕ್ರಿ!" ಎಂದು ಎದುರು ತಂಡಕ್ಕೆ ಕೂಗಿ ಹೇಳಿದರು. ಸುತ್ತಲಿನ ಹುಡುಗರು ಚಪ್ಪಾಳೆ ಹೊಡೆದರು. ತಾಯಿ ಅರ್ಧ ನಾಚಿ, ಅರ್ಧ ಬೀಗಿ ಕೂತರು. ಇಷ್ಟು ದಿನದ ಸಿಟ್ಟು, ಬೇಸರ, ಪ್ರಿನ್ಸಿಪಾಲರ ರೂಮಿನ ಕೆಮ್ಮು ಎಲ್ಲ ಇದೊಂದು ಗಳಿಗೆಗೆ ಸಾರ್ಥಕವಾಯಿತು ಎಂದು ನನಗೂ ಅನ್ನಿಸಿತು. ಅನ್ನಿಸಿದ ಕೂಡಲೇ ಹೆದರಿದೆ.

ಆಟ ನಂಬಲಾಗದ ಹಾಗೆ ನಮ್ಮ ಕಡೆಗೆ ಸಾಗಿತು. ನಮ್ಮವರು ಸರಿಯಾದ ತುದಿಗೆ ಓಡಿದರು. ಕೊನೆಯ ಹೊತ್ತಿಗೆ ನಾವು ಮುಂದಿದ್ದೆವು. ಸ್ವಲ್ಪವೇ, ಆದರೆ ಮುಂದೆ. ಅದರ ಹಿಂದಿನ ಒಂದು ಗುದ್ದಾಟದಲ್ಲಿ ಐದಾರು ಜನ ದಪ್ಪ ಹುಡುಗನ ಮೇಲೆ ಬಿದ್ದರು. ಒಬ್ಬೊಬ್ಬರಾಗಿ ಎದ್ದ ಮೇಲೆ, ಎಲ್ಲಕ್ಕಿಂತ ಕೆಳಗೆ ಅವನು. ಎದ್ದಾಗ ಮಂಡಿಯಿಂದ ಕಾಲುಚೀಲದ ತನಕ ರಕ್ತ. ತಾಯಿ ಕುರ್ಚಿಯ ಅಂಚಿಗೆ ಬಂದರು.

"ತೊಗಲು ಕೆತ್ತೇತಿ ಅಷ್ಟರಿ," ಎಂದೆ. "ಇನ್ನ ಮುಗೀತು. ಇದೊಂದು ಸಲ ಚೆಂಡು ಹಿಂದ ಕೊಡ್ತಾನ, ಕ್ಯಾಪ್ಟನ್ ಅದನ್ನ ಹಿಡಕೊಂಡು ಸುಮ್ಮನ ಮಂಡಿ ಊರಿ ಕುಂಡ್ರತಾನ. ಟೈಮ್ ಆಗೇಹೋಗತೈತಿ. ಗೆದ್ದಂಗ."

ಅದು ನಿಜ. ಮುಂದಿರುವವರು ಕೊನೆಯಲ್ಲಿ ಚೆಂಡು ಹಿಡಿದು ಮಂಡಿಯೂರಿದರೆ ಸಾಕು, ಯಾರೂ ಯಾರನ್ನೂ ಗುದ್ದಬೇಕಾಗಿಲ್ಲ. ಆ ಆಟದಲ್ಲಿ ನನಗೆ ಪೂರ್ತಿ ಅರ್ಥವಾದ, ಮನಸ್ಸಿಗೆ ಹಿಡಿಸಿದ ನಿಯಮ ಅದೊಂದೇ. ನಾನು ಇಡೀ ಸೀಸನ್ನಿನಲ್ಲಿ ಮೊದಲ ಸಲ ಕುರ್ಚಿಗೆ ಬೆನ್ನು ಆನಿಸಿದೆ. ಪರ್ಸಿನಲ್ಲಿ ಕೀಲಿ ಇತ್ತು. ಎಮ್ಮೆಗಳು ದೂರ ಇದ್ದವು. ಹೆದರಲು ಏನೂ ಉಳಿದಿರಲಿಲ್ಲ.

ಸಾಲು ಎದುರುಬದುರು ನಿಂತಿತು. ಎಲ್ಲರೂ ಬಗ್ಗಿದರು. ನಮ್ಮ ಹುಡುಗರು ಆಗಲೇ ಗೆದ್ದವರ ಹಾಗೆ ಗದ್ದಲ ಹಾಕುತ್ತಿದ್ದರು. ಕ್ಯಾಪ್ಟನ್ ಕೂಗುವ ಮೊದಲು ಒಂದು ಹೆಜ್ಜೆ ಹಿಂದೆ ಸರಿದು, ನಮ್ಮ ಕಡೆ ತಿರುಗಿ, ಸುಮ್ಮನಿರಿ ಎಂದು ಎರಡೂ ಕೈ ಎತ್ತಿದ. ಮೈದಾನ ಸುಮ್ಮನಾಯಿತು.

ಚೆಂಡು ಬಂತು. ಎತ್ತಿದ ಎರಡು ಕೈಗಳ ಕೆಳಗೆ, ಕ್ಯಾಪ್ಟನ್ನನ ಸೊಂಟದ ಪಕ್ಕದಲ್ಲಿ ಹಾದು, ಹಿಂದೆ ಯಾರೂ ಇಲ್ಲದ ಕಡೆ ಪುಟಿಯುತ್ತ ಹೋಯಿತು. ನಮ್ಮವರು ಅದನ್ನು ನೋಡುತ್ತ ನಿಂತರು. ಎದುರು ತಂಡದ ಒಬ್ಬ ಸಣ್ಣ ಹುಡುಗ, ಅವನಿಗೂ ನಂಬಿಕೆಯಿಲ್ಲ, ಎತ್ತಿಕೊಂಡ, ಒಮ್ಮೆ ತೀರ್ಪುಗಾರರ ಮುಖ ನೋಡಿದ, ಆಮೇಲೆ ಓಡಿದ. ನಮ್ಮ ತುದಿಯ ತನಕ ಓಡಿದ. ಸೀಟಿ ಕೂಗಿತು. ಛೇರ್ಮನ್ನರು ಸೋಫಾದಿಂದ ಎದ್ದು, ಯಾರ ಕೈಯನ್ನೂ ಕುಲುಕದೆ, ಕಾರಿನ ಕಡೆ ನಡೆದರು.

"ಎವಡು ಅನ್ನಾಡು? ಬಿಡ್ಡು ಎಂದದ್ದು ಯಾರು?" ಕೋಚ್ ಮೈದಾನದೊಳಕ್ಕೆ ಓಡುತ್ತ ಕಿರುಚಿದರು.

"ನೇನು ಅನಲೇದು ಸಾರ್, ಒಟ್ಟು!" ಕ್ಯಾಪ್ಟನ್ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದ. ಅಂದಿರಲಿಲ್ಲ, ಪಾಪ. ಅವನು ಬಾಯಿ ತೆರೆದೇ ಇರಲಿಲ್ಲ.

ಎಲ್ಲರೂ ದಪ್ಪ ಹುಡುಗನನ್ನು ನೋಡಿದರು. ಅವನು ಹೆಲ್ಮೆಟ್ಟು ತೆಗೆದು, ನಾವು ಕೂತಿದ್ದ ಕಡೆ ಒಂದು ಸಲ ನೋಡಿದ. ಬೇಗನೆ ಕಣ್ಣು ತಿರುಗಿಸಿದ.

"ಯಾರೂ ಅಂದಿಲ್ರಿ ಸಾರ್," ಎಂದ,  ಅವಸರದಲ್ಲಿ ಕನ್ನಡದಲ್ಲೇ. ಆಮೇಲೆ ತೆಲುಗಿನಲ್ಲಿ ಹೇಳಿದ, ಕೈ ಜಾರಿತು ಎಂದು.

ಕೋಚ್ ಏನೇನೋ ಅಂದರು. ಕ್ಯಾಪ್ಟನ್ ನೆಲಕ್ಕೆ ಕೂತ. ಹುಡುಗ ಎಲ್ಲವನ್ನೂ ನಿಂತು ಕೇಳಿಸಿಕೊಂಡ, ಸರಿಯಲಿಲ್ಲ. ಆಮೇಲೆ ಕುಂಟುತ್ತ ನಮ್ಮ ಕಡೆ ಬಂದ. ತಾಯಿ ಡಬ್ಬಿಯ ಮುಚ್ಚಳದಲ್ಲಿ ನೀರು ಹಾಕಿ, ಸೆರಗು ನೆನೆಸಿ, ಅವನ ಮಂಡಿ ಒರೆಸತೊಡಗಿದರು.

"ಗೆದ್ರಿ ಹೌದಲ್ಲೋ?" ಎಂದರು ಮುಖ ಎತ್ತದೆ. "ಮೇಡಂ ಅಂದ್ರು, ಗೆದ್ದಂಗ ಅಂತ."

"ಇಲ್ಲವ್ವಾ. ಚೆಂಡು ಕೈ ಜಾರಿತು."

"ಜಾರೂದ ಮತ್ತ, ಮುಂಜಾನಿ ಏನೂ ತಿಂದಿಲ್ಲ," ಎಂದು ಚಪಾತಿ ಸುತ್ತಿ ಅವನ ಕೈಗಿಟ್ಟರು. ಹುಡುಗ ಅವರ ತಲೆಯ ಮೇಲಿಂದ ನನ್ನನ್ನು ನೋಡಿ, ಬೇಡ ಎನ್ನುವ ಹಾಗೆ ಸಣ್ಣಗೆ ತಲೆ ಆಡಿಸಿದ. ನಾನು ಹೇಳಲಿಲ್ಲ. ಸೋಮವಾರ ಪ್ರಿನ್ಸಿಪಾಲರಿಗೂ ಕೈ ಜಾರಿತು ಎಂದೇ ಹೇಳಿದೆ.

ಕೈ ಜಾರಿರಲಿಲ್ಲ. ನಾನು ಆ ತಾಯಿಯ ಪಕ್ಕದಲ್ಲೇ ಕೂತಿದ್ದೆ. ಮಂಡಿಯ ರಕ್ತ ನೋಡಿದ ಮೇಲೆ ಅವರು ಸರಿಯಾಗಿ ಕೂತಿರಲೇ ಇಲ್ಲ, ಕುರ್ಚಿಯ ಅಂಚಿನಲ್ಲಿದ್ದರು. ಮಗ ಅದೇ ಕಾಲಿನ ಮೇಲೆ ಭಾರ ಹಾಕಿ ಮತ್ತೆ ಬಗ್ಗಿದ್ದನ್ನು ಕಂಡು ಎದ್ದು ನಿಂತರು. ಅದೇ ಗಳಿಗೆಗೆ ಕ್ಯಾಪ್ಟನ್ ಕೈ ಎತ್ತಿದ, ಇಡೀ ಮೈದಾನ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ, ಹತ್ತೊಂಬತ್ತು ವರ್ಷ ಅವನನ್ನು ಮರದಿಂದ, ಗೋಡೆಯಿಂದ, ಪಕ್ಕದ ಮನೆಯ ಹುಡುಗರ ಜಗಳದಿಂದ ಒಂದೇ ಕೂಗಿಗೆ ಇಳಿಸಿ ತಂದ ದನಿಯಲ್ಲಿ, ಅವರು ಅಂದರು:

"ಸಾಕ್ ಬಿಡೋ ನನ್ನಪ್ಪಾ. ಬಿಡು."